ನಾಳಿನ ವರದಿ

ಧಾರವಾಡದ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನ ಕ್ವಾಂಟಮ್ ಯಂತ್ರ ಎಂದಿನಂತೆ ನಾಳಿನ ಪರೀಕ್ಷೆಯ ವರದಿಯನ್ನು ಇಂದು ಬೆಳಿಗ್ಗೆಯೇ ಕೊಟ್ಟಿತ್ತು. ಪ್ರೊಫೆಸರ್ ಕೌಜಲಗಿ ಅದನ್ನು ಕಣ್ಣಿಗೊತ್ತಿಕೊಂಡು ಓದಿದರು.

"ನಿನ್ನ ಸರ್ಕ್ಯೂಟ್ ಬೋರ್ಡಿನಿಂದ ಸಿಗ್ನಲ್ ಬರೂದಿಲ್ಲಂತ ಅದ. ಸುಮ್ನ ಸೋಲ್ಡರ್ ಮಾಡಬ್ಯಾಡ. ಡಿಸೈನ್ ಕಪಾಟಿನ್ಯಾಗ ಇಟ್ಟುಬಿಡು."

ಬಿ.ಇ. ಮೂರನೇ ವರ್ಷದ ವೈಜಯಂತಿ ಕಪಾಟು ತೆರೆದಳು. ಹನ್ನೊಂದು ವರ್ಷಗಳ ವಿದ್ಯಾರ್ಥಿಗಳ ಡಿಸೈನ್ ಹಾಳೆಗಳು ಧೂಳು ತಿನ್ನುತ್ತಿದ್ದವು. ಎಲ್ಲದರ ಮೇಲೂ 'ಸಿಗ್ನಲ್ ಇಲ್ಲ' ಎಂಬ ಮೊಹರು. ವರದಿ ನಂಬಿ ಒಂದು ಬೋರ್ಡನ್ನೂ ಯಾರೂ ಮಾಡಿರಲಿಲ್ಲ. ಇಷ್ಟು ಡಿಗ್ರಿ ಹೊತ್ತವರಿಗೆ ಇಷ್ಟೂ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಹೇಸಿಗೆಯಾಯಿತು.

"ಮಾಡದ ಬೋರ್ಡಿನಿಂದ ಸಿಗ್ನಲ್ ಹೆಂಗ ಬರ್ತದ್ರಿ, ಸರ್?"

"ತಡಿ" ಎಂದ ಪ್ರೊಫೆಸರು ಇದಕ್ಕೆ ತಾವೇನು ಹೇಳಬೇಕೆಂದು ವರದಿಯಲ್ಲೇ ಹುಡುಕತೊಡಗಿದರು.

ವೈಜಯಂತಿ ಸೋಲ್ಡರಿಂಗ್ ಐರನ್ ಕಾಯಲು ಇಟ್ಟಳು.