ಸೂಜಿ ಹೇಳಿದ ಹೆಸರು

ಆ ಊರಿನಲ್ಲಿ ಸೂಜಿಗಳು ತಮ್ಮಿಂದ ಚುಚ್ಚಿಕೊಂಡವರ ಹೆಸರುಗಳನ್ನು ಸಾಲಾಗಿ ಹೇಳುತ್ತಿದ್ದವು. ನಶೆಯ ಮದ್ದು ಚುಚ್ಚಿಕೊಳ್ಳುವವರಿಂದ ಹಳೆಯ ಸೂಜಿ ಪಡೆದು, ಒಂದಕ್ಕೆ ಒಂದರಂತೆ ಹೊಸದು ಕೊಡುವುದು ನರ್ಸ್ ನೀಲಗಂಗಾಳ ಕೆಲಸ.

ಗೌಸು ತಂದ ಸೂಜಿಯನ್ನು ಅವಳು ಇಕ್ಕಳದಿಂದ ಎತ್ತಿದಳು.

“ಗೌಸು. ಪರಸಪ್ಪ,” ಎಂದಿತು ಸೂಜಿ.

“ಒಂದ ಸೂಜ್ಯಾಗ ಇಬ್ಬರೇನೋ? ಎಚ್‌ಐವಿ ಅಂಜಿಕಿ ಇಲ್ಲೇನು?”

“ಪರಸ್ಯಾಗ ಅದು ಐತ್ರಿ ಅಕ್ಕಾರ. ಅದಕ, ನಶೆ ಇಲ್ದ ಮೈ ಎಷ್ಟ ನಡುಗಿದ್ರೂ ನನಗ ಮೊದಲ ಚುಚ್ಕೊಳ್ಳಾಕ ಬಿಟ್ಟು, ತಾ ಆಮ್ಯಾಲೆ ಚುಚ್ಕೋತಾನ.”

“ಒಂದಿನ ಅವಗ ತಡಕೊಳ್ಳಾಕ ಆಗದಿದ್ರ?”

ಗೌಸು ಹೊಸ ಸೂಜಿಗೆ ಕೈ ಚಾಚಿದ.

ನೀಲಗಂಗಾ ನಿಯಮ ಮರೆತವಳಂತೆ ಎರಡು ಹೊಸ ಸೂಜಿ ಅವನ ಕೈಗಿಟ್ಟಳು. “ಪರಸಪ್ಪಗ ಹೇಳು, ಇವತ್ತ ಅವನೂ ಮೊದಲ ಅಂತ.”

ಮರುದಿನ ಎರಡು ಸೂಜಿ ವಾಪಸ್ ಬಂದವು. ಒಂದೊಂದೂ ಒಬ್ಬೊಬ್ಬರ ಹೆಸರಷ್ಟೇ ಹೇಳಿ ಸುಮ್ಮನಾಯಿತು.