ಆಮೆ ಹೊಕ್ಕ ಮನೆ

ವಿಳಾಸ ಬರೆದುಕೊಳ್ಳುತ್ತಿದ್ದ ಮುದುಕನ ಪೆನ್ನು ತಟ್ಟನೆ ನಿಂತಿತು.

"ಇನ್ನೊಂದು ಸಲ ಹೇಳಿ," ಎಂದ.

ಅನಂತಕೃಷ್ಣ ಮನೆ ನಂಬರು, ಬೀದಿಯ ಹೆಸರು ಎರಡನ್ನೂ ಬಿಡಿಸಿ ಹೇಳಿದ. ಮುದುಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮುದುಕನ ಉಣ್ಣೆ ಟೋಪಿ ಹುಬ್ಬಿನವರೆಗೆ, ಮಾಸ್ಕ್ ಕಣ್ಣಿನವರೆಗೆ. ನಡುವೆ ಎರಡು ನೀಲಿ ಕಣ್ಣು ಮಾತ್ರ. ಕೆಲಸ ಕೆಟ್ಟಿತು ಅಂದುಕೊಂಡ ಅನಂತಕೃಷ್ಣ.

ಡ್ರೋಹೆಡಾ ಎಂಬ ಐರಿಶ್ ಪಟ್ಟಣದ ಅಂಚಿನ ಚರ್ಚೊಂದರ ಖಾಲಿ ಪಾರ್ಕಿಂಗ್. 2021ರ ಮಾರ್ಚ್. ಲಾಕ್‌ಡೌನಿನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಆ ಐದರೊಳಗೆ ಆಮೆಮರಿ ಕೊಡುವವನೊಬ್ಬ ಸಿಕ್ಕಿದ್ದೇ ಪುಣ್ಯ. ಇಬ್ಬರ ನಡುವೆ ಎರಡು ಮೀಟರ್ ಅಂತರ, ಅದರ ನಟ್ಟನಡುವೆ ಸ್ಟೂಲಿನ ಮೇಲೊಂದು ಶೂ ಡಬ್ಬಿ. ಒಳಗೆ ಮದ್ದೂರು ವಡೆಯಷ್ಟೇ ಅಗಲದ, ಹೆಚ್ಚುಕಡಿಮೆ ಅದೇ ಬಣ್ಣದ ಮರಿ. ಕಾರಿನ ಗಾಜಿಗೆ ಮೂಗು ಒತ್ತಿಕೊಂಡು ಕೂತಿದ್ದ ಎಂಟು ವರ್ಷದ ಮಗಳು ಅದಿತಿ ಉಸಿರಾಡುವುದನ್ನೇ ಮರೆತಂತಿತ್ತು.

"ಬಾಡಿಗೆ ಮನೆಯೋ?"

"ಹೌದು."

"ಮಾಲೀಕ ಒಪ್ಪಿದ್ದಾನಾ?"

ಒಪ್ಪಂದದ ಹದಿನಾಲ್ಕನೇ ಷರತ್ತು: ಸಾಕುಪ್ರಾಣಿ ಕೂಡದು. ಆ ಮನೆ ಸಿಗಲು ಐದು ತಿಂಗಳು ಅಲೆದಿದ್ದ. ನೋಡಲು ಬಂದವರ ಸಾಲು ಬೀದಿಯ ತಿರುವಿನವರೆಗಿತ್ತು. ಎಲ್ಲವೂ ಏಜೆಂಟನ ಮೂಲಕವೇ. ಮೂರು ವರ್ಷದಲ್ಲಿ ಮಾಲೀಕನೆಂದರೆ ಕಾಗದದ ತುದಿಯ ಒಂದು ಗೀಚು ಸಹಿ, ಅಷ್ಟೆ.

ಅನಂತಕೃಷ್ಣ ಮಗಳ ಮೂಗನ್ನು ನೋಡಿದ. ಕ್ರಿಸ್ಮಸ್ಸಿನಿಂದ ಅವಳಿಗೆ ಶಾಲೆಯಿಲ್ಲ. ಹೆಂಡತಿ ವಿನೋದಿನಿ ಕೋವಿಡ್ ವಾರ್ಡಿನ ಡಾಕ್ಟರ್. ಮನೆಗೆ ಬಂದರೂ ದೂರವೇ ಕೂರುತ್ತಿದ್ದಳು. ಕಳೆದ ವಾರ ಅದಿತಿ ವ್ಯಾಕ್ಯೂಮ್ ಕ್ಲೀನರಿಗೆ ಹೆಸರಿಟ್ಟು, ಅದಕ್ಕೆ ಊಟ ಬಡಿಸುತ್ತಿದ್ದಳು.

"ಒಪ್ಪದೆ ಏನು! ದೇವರಂಥ ಮನುಷ್ಯ. ಪ್ರಾಣಿ ಅಂದ್ರೆ ಜೀವ ಬಿಡ್ತಾರೆ."

"ಹೌದಾ? ನೋಡೋಕೆ ಹೇಗಿದ್ದಾನೆ?"

"ಎತ್ತರಕ್ಕಿದ್ದಾರೆ. ತುಂಬಾ ಲಕ್ಷಣವಾಗಿ."

ಮುದುಕನಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಭುಜ ಕುಲುಕಿತು, ಕಣ್ಣಲ್ಲಿ ನೀರು. ಕಾಲಮಾನಕ್ಕೆ ತಕ್ಕಂತೆ ಅನಂತಕೃಷ್ಣ ನಾಲ್ಕು ಹೆಜ್ಜೆ ಹಿಂದೆ ಸರಿದ. ಮುದುಕ ಕಣ್ಣೊರೆಸಿಕೊಂಡು, "ಗ್ರ್ಯಾಂಡ್, ಗ್ರ್ಯಾಂಡ್, ಒಳ್ಳೇದೇ ಆಯ್ತು. ತಗೊಂಡು ಹೋಗಿ," ಎಂದ. ಮರಿ ಮೈ ಕಾಯಿಸಿಕೊಳ್ಳಲು ಬಿಸಿಲುದೀಪವೊಂದನ್ನೂ ಡಬ್ಬಿಯ ಪಕ್ಕದಲ್ಲಿಟ್ಟ.

ಮರಿಗೆ ಅದಿತಿ ಇಟ್ಟ ಹೆಸರು ಮದ್ದೂರ್.

ಅನಂತಕೃಷ್ಣ ಈವರೆಗೆ ಒಂದು ಮೀನನ್ನೂ ಸಾಕಿದವನಲ್ಲ. ಬೀದಿನಾಯಿ ಬಂದರೆ ರಸ್ತೆಯ ಆ ಬದಿಗೆ ದಾಟುವವನು. ಈಗ ಬೆಳಗೆದ್ದು ಅಡುಗೆಮನೆಯ ತಕ್ಕಡಿಯಲ್ಲಿ ಆಮೆ ತೂಗುವವನಾದ. ಮದ್ದೂರ್ ಎರಡು ದಿನ ಚಿಪ್ಪಿನಿಂದ ತಲೆ ಹೊರಹಾಕಲಿಲ್ಲ. ಅನಂತಕೃಷ್ಣನಿಗೂ ಊಟ ಸೇರಲಿಲ್ಲ. ಮೂರನೆಯ ದಿನ, ಸ್ಯಾಂಡಿಫರ್ಡ್‌ನಲ್ಲಿದ್ದ ಅವನ ಆಫೀಸಿನ ಮೀಟಿಂಗ್ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿದ್ದಾಗ, ಮರಿ ಕತ್ತು ಚಾಚಿ ಹಿತ್ತಲ ಹುಲ್ಲಿನಿಂದ ಕಿತ್ತು ತಂದ ಎಲೆಯೊಂದನ್ನು ಕಚಕ್ಕನೆ ಕಚ್ಚಿತು.

"ತಿಂತು! ತಿಂದ್ಬಿಡ್ತು!" ಎಂದು ಅನಂತಕೃಷ್ಣ ಕುರ್ಚಿಯಿಂದ ಹಾರಿದ. ಮೈಕು ಆನ್ ಇತ್ತು. ಹೊಸ ಸಾಫ್ಟ್‌ವೇರ್ ಕೆಲಸ ಮಾಡಿತೆಂದುಕೊಂಡ ಹತ್ತೊಂಬತ್ತು ಮಂದಿ ಚಪ್ಪಾಳೆ ತಟ್ಟಿದರು.

ಅಂದು ಸಂಜೆ ವಿನೋದಿನಿ ಸ್ನಾನ ಮುಗಿಸಿ ಬಂದು ನೆಲದ ಮೇಲೆ ಕೂತಳು. ಮದ್ದೂರ್ ಅವಳ ಕಾಲ್ಬೆರಳನ್ನು ಸೊಪ್ಪೆಂದು ತಿಳಿದು ಬಾಯಿ ಹಾಕಿದ. ಅವಳು ನಕ್ಕಳು, ನಗು ನಿಲ್ಲದೆ ನೆಲಕ್ಕೆ ಒರಗಿದಳು. ಎಷ್ಟು ತಿಂಗಳಾಗಿತ್ತೋ ಆ ಸದ್ದು ಕೇಳಿ! "ಹೀ ಲವ್ಸ್ ಯೂ, ಮಮ್ಮಿ!" ಎಂದು ಅದಿತಿ ಕುಣಿದಳು.

ಮೈಸೂರಿನಿಂದ ವಿಡಿಯೋ ಕಾಲ್ ಮಾಡಿದ ತಾಯಿ ಚಂದ್ರಾವತಿ ಮಾತ್ರ ಹಣೆ ಚಚ್ಚಿಕೊಂಡರು. "ಆಮೆ ಹೊಕ್ಕ ಮನೆ, ಜಪ್ತಿಗೆ ಅಮೀನ ಹೊಕ್ಕ ಮನೆ ಎರಡೂ ಒಂದೇ ಕಣೋ, ಉಳಿಯಲ್ಲ!"

"ಅಮ್ಮಾ, ಸುಮ್ನಿರು," ಎಂದ ಅನಂತಕೃಷ್ಣ.

ಏಪ್ರಿಲ್ ಕೊನೆಗೆ ಏಜೆಂಟನ ಮೇಲ್ ಬಂತು. ಗುರುವಾರ ಹನ್ನೊಂದಕ್ಕೆ ಬಾಯ್ಲರ್ ನೋಡಲು ಸ್ವತಃ ಮಾಲೀಕರೇ ಬರುತ್ತಾರೆ.

ಗುರುವಾರ ಬೆಳಿಗ್ಗೆ ಮನೆ ಯುದ್ಧಭೂಮಿ. ಸೊಪ್ಪು, ತಕ್ಕಡಿ, ಮರದ ತೊಟ್ಟಿ ಎಲ್ಲ ಮಂಚದಡಿ ಹೋದವು. ಮದ್ದೂರನನ್ನು ಮಹಡಿಯಲ್ಲಿ ಬಿಸಿನೀರಿನ ಟ್ಯಾಂಕಿರುವ ಕಪಾಟಿನಲ್ಲಿ, ಟವೆಲ್ಲುಗಳ ನಡುವೆ ಬೆಚ್ಚಗೆ ಮಲಗಿಸಿದರು. ಯಾರು ಏನು ಕೇಳಿದರೂ ಬಾಯಿ ಬಿಡಬಾರದೆಂದು ಅದಿತಿಗೆ ಆಣೆ ಹಾಕಿಸಿದ್ದಾಯಿತು.

ಬಂದವನು ಬೋಳುತಲೆಯ, ದಪ್ಪ ಕನ್ನಡಕದ ಕುಳ್ಳ. ಮುಖದ ಉಳಿದ ಭಾಗ ಮಾಸ್ಕಿನದು. ತಲೆಯಾಡಿಸಿದನೇ ಹೊರತು ಮಾತಿಲ್ಲ. ಬಾಯ್ಲರನ್ನು ಅರೆಕ್ಷಣ ನೋಡಿದ. ಮೂಲೆಯಲ್ಲಿ ಮರೆತುಬಿಟ್ಟಿದ್ದ ಬಿಸಿಲುದೀಪವನ್ನು ಮಾತ್ರ ಬಹಳ ಹೊತ್ತು ನೋಡಿದ.

"ಸೊಂಟನೋವಿಗೆ," ಎಂದ ಅನಂತಕೃಷ್ಣ.

ಮೇಲಿಂದ ಕರಕರ ಸದ್ದು ಕೇಳಿತು. ಮಾಲೀಕ ನೇರ ಮಹಡಿ ಹತ್ತಿದ, ಕಪಾಟಿನ ಬಾಗಿಲು ತೆಗೆದ. ಟವೆಲ್ಲಿನ ಮೇಲಿಂದ ಮದ್ದೂರ್ ಕತ್ತೆತ್ತಿ ನೋಡಿದ.

ಅನಂತಕೃಷ್ಣನ ಬಾಯಿಂದ ಎಲ್ಲವೂ ಒಂದೇ ಉಸಿರಿಗೆ ಹೊರಬಿತ್ತು: ತಪ್ಪು ನನ್ನದು, ಹೆಂಡತಿಗೆ ಷರತ್ತು ಗೊತ್ತಿಲ್ಲ, ಮಗು ಒಂಟಿಯಾಗಿದ್ದಳು, ನಿಮ್ಮ ಬಗ್ಗೆ ಯಾರ ಹತ್ತಿರವೋ ಸುಳ್ಳೂ ಹೇಳಿದ್ದೇನೆ, ದಯವಿಟ್ಟು ಹೊರಗೆ ಹಾಕಬೇಡಿ. ಅದಿತಿ ಓಡಿಬಂದು ಕಪಾಟಿಗೆ ಅಡ್ಡ ನಿಂತಳು. "ಹೀಸ್ ಮೈ ಬ್ರದರ್!"

ಮಾಲೀಕ ನಿಧಾನವಾಗಿ ಮಂಡಿಯೂರಿದ. ಮರಿಯನ್ನೆತ್ತಿ ಅಂಗೈಯಲ್ಲಿ ತೂಗಿ ನೋಡಿದ; ನೀಲಿ ಕಣ್ಣುಗಳಲ್ಲಿ ನೀರು ತುಂಬಿ, ಭುಜ ಕುಲುಕತೊಡಗಿತು.

"ನನ್ನ ಹತ್ತಿರ ಇದ್ದಾಗ ಇಷ್ಟು ತೂಕ ಇರಲಿಲ್ಲ ಇವನು," ಎಂದ. "ಇವನ ತಂಗಿ ಕೆಳಗೆ ಕಾರಲ್ಲಿ ಕೂತಿದ್ದಾಳೆ, ಕರಕೊಂಡು ಬರಲಾ?"