ಸಗಣಿಯೊಳಗಿನ ಜೋಳ

ಬೆಳಕು ಹರಿಯುತ್ತಲೇ ಕೋಳಿಗಳು ಕೊಟ್ಟಿಗೆಗೆ ನುಗ್ಗಿ, ಹಸು ತಾವರೆ ಹಾಕಿದ ನೀರುನೀರಾದ ಸಗಣಿಯನ್ನು ಮುತ್ತಿಕೊಂಡಿದ್ದವು.

“ನೋಡಮ್ಮ, ನಿನ್ನ ಹಸುಗಿಂತ ಕೋಳಿಗಳೇ ಕೊಬ್ಬಿವೆ,” ಎಂದ ಕೆಂಪರಾಜ್. “ಹಾಲು ಅರ್ಧಕ್ಕಿಳೀತು, ಮೈಯಲ್ಲಿ ಮೂಳೆ ಕಾಣ್ತಿದೆ. ಭಾನುವಾರ ಟಿನ್ ಫ್ಯಾಕ್ಟರಿ ಹತ್ರದ ದನದ ದಳ್ಳಾಳಿ ಬರ್ತಾನೆ, ಕೊಟ್ಬಿಡೋಣ.”

“ನಿನ್ನ ಮಗಳನ್ನ ಒಂದು ಮಾತು ಕೇಳಿ ಕೊಡಪ್ಪ,” ಎಂದಳು ಅಕ್ಕಯಮ್ಮ.

 ಕೆಂಪರಾಜನ ಮಗಳು ಹಂಸ ಹುಟ್ಟಿದಾಗ ಅವಳ ತಾಯಿಗೆ ಹಾಲೇ ಬರಲಿಲ್ಲ. ಕೂಸನ್ನು ಉಳಿಸಿದ್ದು ತಾವರೆ. ಆ ಋಣಕ್ಕೆಂದೇ ಈ ಸಲ ಕರು ಹಾಕಿದ್ದೇ ತಡ, ಅಕ್ಕಯಮ್ಮ ಅವಳಿಗೆ ಬಾಣಂತಿ ಉಪಚಾರ ಹಿಡಿದಿದ್ದಳು. ನೆನೆಸಿದ ಮುಸುಕಿನ ಜೋಳ, ಕಡಲೆಕಾಯಿ ಹಿಂಡಿ, ಬೂಸಾ, ಮೇಲೊಂದಚ್ಚು ಬೆಲ್ಲ. ರಾಗಿ ಹುಲ್ಲನ್ನು ಮಾತ್ರ ಅಟ್ಟಕ್ಕೇರಿಸಿದ್ದಳು. ಬಾಣಂತಿಗೆ ಯಾರಾದರೂ ಒಣಹುಲ್ಲು ಹಾಕುತ್ತಾರೆಯೇ? ಹಾಲು ಇಳಿದಷ್ಟೂ ಜೋಳ ಏರುತ್ತಾ ಹೋಯಿತು.

ಧಾರವಾಡದ ಕಡೆಯ ದನದ ಡಾಕ್ಟರು ವಿಮಲಾಕ್ಷಿ ಕೈನೆಟಿಕ್ ಹೋಂಡಾ ಸ್ಕೂಟರು ನಿಲ್ಲಿಸಿ ಬಂದವರು ಹಸುವಿನ ಮೈ ಮುಟ್ಟುವ ಮೊದಲೇ ಕಡ್ಡಿ ತಗೊಂಡು ಸಗಣಿ ಕೆದಕಿದರು. ಹಳದಿ ಕಾಳುಗಳು ಇಡಿಇಡಿಯಾಗಿ ಮೇಲೆದ್ದವು.

“ಅಮ್ಮಾರ, ಜೋಳ ಆಕಳಿಗೆ ಹಾಕ್ತೀರೋ, ಕೋಳಿಗೋ?”

“ಹೊಟ್ಟೆ ತುಂಬ ಹಾಕ್ತಿದ್ದೀನಿ ತಾಯಿ!”

“ಅದಽ ತಪ್ಪಾಗ್ಯದ. ಹೆಚ್ಚು ಹಾಕಿದಷ್ಟೂ ಒಳಗ ನಿಲ್ಲೂದಿಲ್ಲ, ಓಡತದ. ಹುಲ್ಲಿದ್ರ ಹೊಟ್ಟಿ ಅದನ್ನ ಹಿಡಕೋತದ, ಮೆಲುಕು ಹಾಕಸ್ತದ. ಇದು ಮೆಲುಕು ಹಾಕೂದು ಯಾವಾಗ ನೋಡೀರಿ?”

 ಹಾಲು ಕರೆಯುವಾಗ ಅಕ್ಕಯಮ್ಮ ತತ್ವಪದ ಗುನುಗುವುದೂ, ಅದಕ್ಕೆ ತಾವರೆಯ ಮೆಲುಕು ತಾಳ ಹಾಕುವುದೂ ವಾಡಿಕೆ. ಪದ ನಿಂತು ಎಷ್ಟು ದಿನವಾಯಿತೋ, ಅವಳಿಗೇ ಅರಿವಿಲ್ಲ. “ತಾಳ ತಪ್ಪಿದೆ ತಾಯಿ,” ಎಂದಳು ಮೆಲ್ಲಗೆ.

“ಮೊದಲ ಹುಲ್ಲು ಹಾಕ್ರಿ. ಜೋಳ ಅರ್ಧಾ ಮಾಡಿ, ಒಡಿಸಿ, ಹೊತ್ತಹೊತ್ತಿಗೆ ಹಂಚಿ ಹಾಕ್ರಿ.”

“ಅರ್ಧ ಹಾಕಿದ್ರೆ ಹಾಲು ಹೆಚ್ಚುತ್ತಾ ಡಾಕ್ಟ್ರೇ? ಭಾನುವಾರ ದಳ್ಳಾಳಿಗೆ ಕೊಟ್ಬಿಡೋಣ ಅಂತಿದ್ದೀನಿ,” ಕೆಂಪರಾಜ್ ನಕ್ಕ.

“ದಳ್ಳಾಳಿಗೆ ಇನ್ನೂ ಸ್ವಲ್ಪ ದಿನ ಬಿಟ್ಟು ಬಾ ಅನ್ರಿ. ನೋಡೂಣಂತ.”

ಅಟ್ಟದಿಂದ ಹುಲ್ಲಿನ ಹೊರೆ ಇಳಿಸುವಾಗ ಅಕ್ಕಯಮ್ಮನಿಗೆ ನೆಂಟರ ಎಲೆಗೆ ತಂಗಳು ಬಡಿಸಿದಂತೆ ಜೀವ ಹಿಂಡಿತು. “ತಪ್ಪು ತಿಳೀಬೇಡ ಕಣವ್ವ,” ಅಂದಳು ತಾವರೆಗೆ. ಹೊರೆ ನೆಲ ಮುಟ್ಟುವಷ್ಟರಲ್ಲಿ ತಾವರೆ ಕತ್ತು ಚಾಚಿ, ಅಕ್ಕಯಮ್ಮನ ತೋಳಿನೊಳಗಿಂದಲೇ ಹುಲ್ಲು ಎಳೆದುಕೊಂಡಳು.

ಮುಂದೊಂದು ಬೆಳಗಿನ ಜಾವ ಹಾಲು ಕರೆಯುತ್ತಿದ್ದ ಅಕ್ಕಯಮ್ಮ ತನ್ನ ದನಿ ತಾನೇ ಕೇಳಿ ಬೆಚ್ಚಿದಳು. ಪದ ತಾನಾಗಿ ಬಾಯಿಗೆ ಬಂದಿತ್ತು. ತಲೆಯ ಮೇಲೆ ಗರಕ್, ಗರಕ್, ನಿಧಾನವಾದ ತಾಳ. ಚೊಂಬಿನಲ್ಲಿ ನೊರೆ ಕಂಠದವರೆಗೆ ಏರಿತ್ತು. ಅವಳು ಕರೆಯುವುದನ್ನು ನಿಲ್ಲಿಸಿ, ತಾವರೆಯ ಹೊಟ್ಟೆಗೆ ಹಣೆಯಾನಿಸಿ ಒಂದು ಗಳಿಗೆ ಹಾಗೇ ಕೂತಳು.

“ದಳ್ಳಾಳಿಗೆ ಬರೋದೇ ಬೇಡ ಅಂದ್ಬಿಡ್ತೀನಿ,” ಎಂದ ಕೆಂಪರಾಜ್, ಬಾಗಿಲಲ್ಲೇ ನಿಂತು.

ಕೋಳಿಗಳು ಎಂದಿನಂತೆ ನುಗ್ಗಿದವು. ಗಟ್ಟಿ ಸಗಣಿಯನ್ನು ಕೆದಕಿದವು, ಸುತ್ತು ಹಾಕಿದವು, ಮತ್ತೆ ಕೆದಕಿದವು. ಏನೂ ಸಿಗದೆ ಗೊಣಗುತ್ತಾ ಹೊರಟವು. ಅಕ್ಕಯಮ್ಮ ಚೀಲದಿಂದ ಒಂದು ಹಿಡಿ ಜೋಳ ತೆಗೆದು ಅಂಗಳಕ್ಕೆ ಚೆಲ್ಲಿದಳು.

“ಬನ್ರೇ ಇಲ್ಲಿ. ಮೊದಲು ಹೇಳಿದೋರು ನೀವೇ ಕಣ್ರೇ, ನನಗೇ ಕೇಳಿಸ್ಲಿಲ್ಲ.”